ಅಪ್ಪನಿಗೊಂದು ಹೊತ್ತು, ಅಮ್ಮನಿಗೊಂದು ಹೊತ್ತು: ಟೊರೊಂಟೊದಿಂದ ನಾಪೋಕ್ಲಿಗೆ ಮಾತಾಡಲು ನಾನು ಹಿಡಿದ ನಾಲ್ಕು ದಾರಿ

ನಾನು ಟೊರೊಂಟೊಗೆ ಬಂದದ್ದು 2018ರ ಮಾರ್ಚ್‌ನಲ್ಲಿ. ಮನೆ ಇರುವುದು ಕೊಡಗಿನ ನಾಪೋಕ್ಲು ಹತ್ತಿರ. ಅಪ್ಪ, ಅಮ್ಮ, ಸ್ವಲ್ಪ ಕಾಫಿ ತೋಟ, ಒಂದಿಷ್ಟು ಗದ್ದೆ, ಎರಡು ನಾಯಿ. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಮನೆಯವರ ಜೊತೆ ಮಾತು ಬಿಟ್ಟು ಹೋಗದಂತೆ ನೋಡಿಕೊಳ್ಳಲು ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಯಾವುದು ಗೆದ್ದಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ನನ್ನ ರಾತ್ರಿಯ ಫೋನ್, ಅಮ್ಮನಿಗೆ ವಾಯ್ಸ್ ಮೆಸೇಜ್. ಇಬ್ಬರಿಗೂ ಒಂದೇ ಹೊತ್ತು ಹುಡುಕುತ್ತಾ ನಾನು ಎರಡು ವರ್ಷ ಸುಮ್ನೆ ಕಳೆದೆ.

ಮೊದಲು ಲೆಕ್ಕದ ವಿಷಯ ಮುಗಿಸೋಣ. ಇಲ್ಲಿನ ಬೇಸಿಗೆಯಲ್ಲಿ ಗಡಿಯಾರ ನೋಡಿ ಎರಡೂವರೆ ಗಂಟೆ ಕಳೆಯಬೇಕು, ಬೆಳಿಗ್ಗೆ ಇದ್ದದ್ದನ್ನು ಸಂಜೆ ಮಾಡಬೇಕು. ಇಲ್ಲಿ ಬೆಳಿಗ್ಗೆ ಎಂಟು ಅಂದರೆ ಊರಲ್ಲಿ ಸಂಜೆ ಐದೂವರೆ. ಚಳಿಗಾಲದಲ್ಲಿ ಒಂದೂವರೆ ಕಳೆದರೆ ಸಾಕು, ಊರಲ್ಲಿ ಆರೂವರೆ. ಮೆಲ್ಬರ್ನ್‌ನಲ್ಲಿರುವ ತಮ್ಮನದು ಇನ್ನೂ ಸುಲಭ. ಅವನ ಬೇಸಿಗೆಯಲ್ಲಿ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗು ಹಿಡಿದರೆ ಊರಿನ ಸಮಯ ಹೆಚ್ಚುಕಡಿಮೆ ಅಲ್ಲೇ ಕಾಣುತ್ತದೆ. ಲಂಡನ್‌ನವರಿಗೂ ಚಳಿಗಾಲದಲ್ಲಿ ಇದೇ ಉಪಾಯ ನಡೆಯುತ್ತದೆ. ನನಗೆ ಆ ಭಾಗ್ಯ ಇಲ್ಲ.

ಅಪ್ಪನಿಗೆ ಆ ಅರ್ಧ ಗಂಟೆ ಮೇಲೆ ಸಿಟ್ಟು. "ಒಂಬತ್ತೋ ಹತ್ತೋ ಮಾಡಿ ಮುಗಿಸಬಾರದಾ?" ಅಂತ ಕೇಳುತ್ತಾರೆ. ನಮ್ಮ ದೇಶದ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆಯನ್ನು ಹಿಡಿದು ನಡೆಯುತ್ತದೆ. ಗ್ರೀನಿಚ್‌ನಿಂದ ಅಲ್ಲಿಗೆ ಐದೂವರೆ ಗಂಟೆ ಬರುತ್ತದೆ. ಇದನ್ನು ಹೇಳಿದಾಗ ಅಪ್ಪ, "ಹಾಗಾದರೆ ನಮ್ಮದು ಮಿರ್ಜಾಪುರದವರ ಸಮಯವಾ?" ಅಂದರು. ಹೌದಲ್ವಾ! ಸೂರ್ಯನನ್ನು ಕೇಳಿದರೆ ಮಡಿಕೇರಿ ಅಲ್ಲಿಗಿಂತ ಸುಮಾರು 27 ನಿಮಿಷ ಹಿಂದೆ ಇದೆ.

ಮೊದಲ ದಾರಿ, ನನ್ನ ಬೆಳಗು ಮತ್ತು ಅವರ ಸಂಜೆ. ಹೊರಗಿರುವ ಮುಕ್ಕಾಲು ಪಾಲು ಜನ ಮಾಡುವುದು ಇದನ್ನೇ. ನಾನೂ ಬೆಳಿಗ್ಗೆ ಏಳೂವರೆಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಐದು ಗಂಟೆ. ಆಳುಗಳು ಹೋಗಿರುತ್ತಾರೆ, ಇಬ್ಬರೂ ಕಾಫಿ ಹಿಡಿದು ಜಗಲಿಯಲ್ಲಿ ಇರುತ್ತಾರೆ ಅಂತ ನನ್ನ ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಅದು ಸರಿಯೂ ಆಯಿತು. ಜೂನ್‌ನಲ್ಲಿ ಮಳೆ ಹಿಡಿಯಿತು. ಕರೆಂಟ್ ಹೋಯಿತು, ಅದರ ಹಿಂದೆಯೇ ಟವರ್ ಹೋಯಿತು. ರೇಂಜ್ ಸಿಗಬೇಕಾದರೆ ಅಪ್ಪ ಕೊಡೆ ಹಿಡಿದು ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಅಲ್ಲಿ ನಿಂತು ಏನು ಮಾತಾಡುತ್ತಾರೆ? "ಕೇಳ್ತಾ ಉಂಟಾ? ಕೇಳ್ತಾ ಉಂಟಾ?" ಅಷ್ಟೇ.

ಮಳೆ ಮುಗಿದ ಮೇಲಾದರೂ ಸರಿಹೋಗುತ್ತದೆ ಅಂದುಕೊಂಡರೆ, ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ನನ್ನ ಏಳೂವರೆ ಈಗ ಊರಲ್ಲಿ ಆರು ಗಂಟೆ. ಅದು ಅಮ್ಮ ದೀಪ ಹಚ್ಚುವ ಹೊತ್ತು. ಕೊಯ್ಲು ಶುರುವಾಗಿತ್ತು ಬೇರೆ. ಅರೇಬಿಕಾ ಮುಗಿಯುತ್ತಿದ್ದ ಹಾಗೆ ರೊಬಸ್ಟಾ. ದಿನದ ಹಣ್ಣು ತೂಕ ಹಾಕಿ, ಯಾರದು ಎಷ್ಟು ಕೆಜಿ ಅಂತ ಬರೆದು, ಅಪ್ಪ ಒಳಗೆ ಬರುವಷ್ಟರಲ್ಲಿ ಅವರಿಗೆ ಮಾತು ಬೇಕಾಗಿರುವುದಿಲ್ಲ, ಸ್ನಾನ ಬೇಕಾಗಿರುತ್ತದೆ. ಈ ಕಡೆ ನಾನು ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಫೋನ್. "ಊಟ ಆಯ್ತಾ?" ಅಂತ ಅಮ್ಮ ಕೇಳುತ್ತಿದ್ದರು. ಬೆಳಿಗ್ಗೆ ಏಳೂವರೆಗೆ! ನಾನೂ "ಆಯ್ತು" ಅನ್ನುತ್ತಿದ್ದೆ. ಹತ್ತು ನಿಮಿಷ ಮಾತಾಡಿ ಫೋನ್ ಇಟ್ಟ ಮೇಲೆ ಮೂವರಿಗೂ ಏನೂ ಮಾತಾಡಿದ ಹಾಗಾಗುತ್ತಿರಲಿಲ್ಲ.

ಎರಡನೆಯದು ನನ್ನ ರಾತ್ರಿ, ಅವರ ಬೆಳಗು. ಇದಕ್ಕೆ ಇಳಿದದ್ದು ಆಕಸ್ಮಿಕ. ಒಂದು ರಾತ್ರಿ ಹತ್ತಕ್ಕೆ ನಿದ್ದೆ ಬಾರದೆ ಫೋನ್ ಮಾಡಿದೆ. ಊರಲ್ಲಿ ಏಳೂವರೆ. ಅಪ್ಪ ಆಗಷ್ಟೇ ಮಳೆ ಅಳತೆ ನೋಡಿ ಬಂದಿದ್ದರು. ತೋಟ ಇರುವವರಿಗೆ ಇದು ಗೊತ್ತು. ನಮ್ಮಲ್ಲಿ ಮಳೆಯನ್ನು ಇನ್ನೂ ಇಂಚು, ಸೆಂಟುಗಳಲ್ಲೇ (ನೂರು ಸೆಂಟು ಅಂದರೆ ಒಂದು ಇಂಚು) ಹೇಳುತ್ತೇವೆ, ಡೈರಿಯಲ್ಲಿ ಬರೆದಿಡುತ್ತೇವೆ. "ನಿನ್ನೆ ಎರಡು ಇಂಚು ನಲವತ್ತು ಸೆಂಟು. ಹೋದ ವರ್ಷ ಇದೇ ದಿನ ಎಂಬತ್ತು ಸೆಂಟು" ಅಂತ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಸಂಜೆ ಹೊತ್ತು ನಾಲ್ಕು ಮಾತಿಗೆ ಮುಗಿಸುವ ಅಪ್ಪ ಇವರೇನಾ ಅನ್ನಿಸಿತು. ಯಾವ ಸಿಲ್ವರ್ ಮರ ಬಿತ್ತು, ಕಾಳುಮೆಣಸಿನ ಬಳ್ಳಿ ಎಲ್ಲಿ ಹಳದಿ ತಿರುಗಿತು, ಆನೆ ಯಾರ ಗದ್ದೆಗೆ ಬಂತು, ಎಲ್ಲ ಬಂತು. ಎಂಟು ಗಂಟೆಗೆ ಆಳುಗಳು ಬಂದರು ಅಂತ ಇಟ್ಟರು. ಅಪ್ಪ ಬೆಳಗಿನ ಮನುಷ್ಯ ಅಂತ ನನಗೆ ಗೊತ್ತಾದದ್ದು ಮನೆ ಬಿಟ್ಟು ಹನ್ನೆರಡು ಸಾವಿರಕ್ಕೂ ಜಾಸ್ತಿ ಕಿಲೋಮೀಟರ್ ದೂರ ಬಂದ ಮೇಲೆ.

ಇದಕ್ಕೆ ಎರಡು ತೊಂದರೆ ಇವೆ. ಒಂದು, ಆ ಹೊತ್ತಿನಲ್ಲಿ ಅಮ್ಮ ಸಿಗುವುದಿಲ್ಲ. ಒಲೆ ಮೇಲೆ ರೊಟ್ಟಿ, ಹಿಂದೆ ನಾಯಿ, ಹಾಲಿನವನು. "ಆಮೇಲೆ ಮಾತಾಡ್ತೇನೆ ಮಗಾ" ಅಂತ ಅಡುಗೆಮನೆಯಿಂದಲೇ ಕೂಗುತ್ತಾರೆ. ಆ 'ಆಮೇಲೆ' ನನಗೆ ನಡುರಾತ್ರಿ. ಇನ್ನೊಂದು, ಮಲಗುವ ಮೊದಲು ಕೆಟ್ಟ ಸುದ್ದಿ ಕೇಳಿದರೆ ಆ ರಾತ್ರಿ ಮುಗಿಯಿತು. ನೆಂಟರಲ್ಲಿ ಯಾರೋ ತೀರಿಕೊಂಡರು ಅಂತ ಕೇಳಿ, ದೀಪ ಆರಿಸಿ, ಕತ್ತಲಲ್ಲಿ ಮಲಗಿ ನೋಡಿ, ಗೊತ್ತಾಗುತ್ತದೆ. ಆದರೂ ನಾನು ಇದನ್ನು ಬಿಟ್ಟಿಲ್ಲ. ವಾರಕ್ಕೆ ಎರಡು ದಿನ, ಅಪ್ಪನಿಗೆ ಮಾತ್ರ. ಚಳಿಗಾಲದಲ್ಲಿ ಇನ್ನೂ ಒಳ್ಳೆಯದು, ಅವರ ಏಳೂವರೆ ನನಗೆ ರಾತ್ರಿ ಒಂಬತ್ತು.

ಮೂರನೆಯದು ಭಾನುವಾರದ ವಿಡಿಯೊ ಕಾಲ್, ಮನೆಮಂದಿ ಎಲ್ಲ ಸೇರಿ. ಅಕ್ಕ ದುಬೈನಲ್ಲಿ, ತಮ್ಮ ಮೆಲ್ಬರ್ನ್‌ನಲ್ಲಿ, ನಾನಿಲ್ಲಿ. ಕೇಳಲು ಚಂದ. ಜೂನ್‌ನಲ್ಲಿ ನನಗೆ ಬೆಳಿಗ್ಗೆ ಎಂಟೂವರೆ, ಅಕ್ಕನಿಗೆ ಸಂಜೆ ನಾಲ್ಕೂವರೆ, ಮನೆಯಲ್ಲಿ ಆರು, ತಮ್ಮನಿಗೆ ರಾತ್ರಿ ಹತ್ತೂವರೆ. ನಡೆಯುತ್ತದೆ. ಡಿಸೆಂಬರ್‌ನಲ್ಲಿ ಅದೇ ಎಂಟೂವರೆ ತಮ್ಮನಿಗೆ ರಾತ್ರಿ ಹನ್ನೆರಡೂವರೆ, ಅಂದರೆ ಸೋಮವಾರ! ನಮ್ಮ ಗಡಿಯಾರ ಹಿಂದೆ ಹೋಗುವ ಕಾಲಕ್ಕೆ ಅವರದು ಮುಂದೆ ಹೋಗಿರುತ್ತದೆ. ನಮ್ಮಿಬ್ಬರ ನಡುವಿನ ಹದಿನಾಲ್ಕು ಗಂಟೆ ಹದಿನಾರಾಗುತ್ತದೆ. ಅಕ್ಕ ಮಾತ್ರ ವರ್ಷವಿಡೀ ಊರಿಗಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೇ. ಮೊದಲೆಲ್ಲ ಅವಳಿಗೆ ರಜೆ ಶುಕ್ರವಾರ, ಶನಿವಾರ ಇತ್ತು, ಭಾನುವಾರ ಕೆಲಸದ ನಡುವೆ ಕದ್ದು ಬರುತ್ತಿದ್ದಳು. 2022ರ ಜನವರಿಯಿಂದ ಅಲ್ಲಿ ಶನಿವಾರ, ಭಾನುವಾರ ರಜೆ ಆದ ಮೇಲೆ ಸಲೀಸಾಯಿತು. ಆದರೆ ಐದು ಜನ ಒಟ್ಟಿಗೆ ಬಂದರೆ ಮಾತಾಡುವುದು ಮಕ್ಕಳು, ಕಾಣುವುದು ಅಪ್ಪನ ಹಣೆ. ನನ್ನ ಮಟ್ಟಿಗೆ ಇದಕ್ಕೆ ಕೊನೆಯ ಸ್ಥಾನ. ಈಗ ತಿಂಗಳಿಗೊಮ್ಮೆ ಮಾಡುತ್ತೇವೆ.

ನಾಲ್ಕನೆಯದು ವಾಯ್ಸ್ ಮೆಸೇಜ್. ಇದನ್ನು ಕಲಿಸಿದ್ದು 2018ರ ಆಗಸ್ಟ್. ಆ ಮಳೆ, ಆ ಗುಡ್ಡ ಕುಸಿತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲದ ಚಿತ್ರಗಳನ್ನು ನಾನು ಇಲ್ಲಿ ಫೋನ್‌ನಲ್ಲಿ ನೋಡುತ್ತಿದ್ದೆ. ಮನೆಗೆ ಮಾತ್ರ ಫೋನ್ ಹೋಗುತ್ತಿರಲಿಲ್ಲ. ಊರು ಎದ್ದಿರುವಾಗ ನಾನು ಮಲಗಬೇಕು, ನಾನು ಎದ್ದಾಗ ಅಲ್ಲಿ ಕತ್ತಲು. ವಾಟ್ಸಾಪ್‌ನಲ್ಲಿ ಕಳಿಸಿದ್ದಕ್ಕೆಲ್ಲ ಒಂದೇ ಟಿಕ್. ಎರಡನೆಯ ಟಿಕ್‌ಗಾಗಿ ಕಾದೆ. ಮೂರನೆಯ ದಿನ ಎದ್ದು ನೋಡಿದರೆ ಅಮ್ಮನ ಒಂದು ಮೆಸೇಜ್, ಹನ್ನೊಂದು ಸೆಕೆಂಡಿನದು. "ನಾವು ಚೆನ್ನಾಗಿದ್ದೇವೆ. ಕರೆಂಟ್ ಇಲ್ಲ. ನೀನು ಊಟ ಮಾಡು." ಹಿಂದೆ ಹೆಂಚಿನ ಮೇಲೆ ಮಳೆಯ ಸದ್ದು. ಯಾವಾಗಲೋ ಹೇಳಿಟ್ಟದ್ದು, ಯಾವಾಗಲೋ ಒಂದು ಗಳಿಗೆ ರೇಂಜ್ ಸಿಕ್ಕಾಗ ತಾನಾಗೇ ಹೊರಟುಬಂದಿತ್ತು. ಫೋನ್ ಕರೆಯಾಗಿದ್ದರೆ ಇಬ್ಬರೂ ಅದೇ ಗಳಿಗೆಯಲ್ಲಿ ಎಚ್ಚರ ಇರಬೇಕಿತ್ತು.

ಅಲ್ಲಿಂದ ಅಮ್ಮ ಅದನ್ನೇ ಹಿಡಿದರು. ಅಮ್ಮನಿಗೆ ಬಿಡುವು ಮಧ್ಯಾಹ್ನ ಎರಡರಿಂದ ಮೂರೂವರೆ. ಊಟ ಆಗಿ, ಪಾತ್ರೆ ತೊಳೆದು, ಕೂತ ಹೊತ್ತು. ನನಗೆ ಆಗ ಬೆಳಗಿನ ಜಾವ. ಯಾವ ಗಡಿಯಾರ ತಿರುಗಿಸಿದರೂ ಈ ಎರಡು ಹೊತ್ತು ಕೂಡುವುದಿಲ್ಲ ಅಂತ ಗೊತ್ತಾಗಲು ನನಗೆ ಅಷ್ಟು ದಿನ ಬೇಕಾಯಿತು. ಈಗ ಅವರು ಎರಡೂವರೆಗೆ ಹೇಳಿಡುತ್ತಾರೆ, ನಾನು ರೈಲಿನಲ್ಲಿ ಕೇಳುತ್ತೇನೆ. ನಾನು ಸಂಜೆ ಈರುಳ್ಳಿ ಹೆಚ್ಚುತ್ತಾ ಹೇಳಿಡುತ್ತೇನೆ, ಅವರು ಬೆಳಿಗ್ಗೆ ಕಾಫಿಗೆ ನೀರಿಡುತ್ತಾ ಕೇಳುತ್ತಾರೆ. ಎದುರಿಗೆ ಯಾರೂ ಇಲ್ಲದಾಗ ಅಮ್ಮ ಹೇಳುವ ಮಾತೇ ಬೇರೆ. ನಡುವೆ ನಿಲ್ಲಿಸಿ "ಓ, ಅಳಿಲು ಬಂತು ನೋಡು" ಅನ್ನುತ್ತಾರೆ. ಕೆಲವು ಆರು ನಿಮಿಷ ಇರುತ್ತವೆ. ಬೆರಳು ತಪ್ಪಿ ಅರ್ಧಕ್ಕೆ ಹೋದದ್ದೂ ಉಂಟು. ಅಪ್ಪನಿಗೆ ಇದು ಸುತರಾಂ ಆಗುವುದಿಲ್ಲ. "ಗೋಡೆ ಹತ್ತಿರ ಮಾತಾಡಿದ ಹಾಗೆ" ಅಂದು ಒಂದೇ ಸಲಕ್ಕೆ ಕೈಬಿಟ್ಟರು.

ಇದಕ್ಕೂ ಒಂದು ಮಿತಿ ಇದೆ. ಜಗಳ ಮಾಡಲು ಬರುವುದಿಲ್ಲ. ಗದ್ದೆ ಪಾಳು ಬಿಡುವ ವಿಷಯದಲ್ಲಿ ಒಮ್ಮೆ ನಾನೂ ಅಮ್ಮನೂ ಮೆಸೇಜಿನಲ್ಲೇ ಸಿಟ್ಟಾದೆವು. ಒಂದೊಂದು ಉತ್ತರಕ್ಕೆ ಹನ್ನೆರಡು ಗಂಟೆ. ನಾಲ್ಕು ದಿನ ನಡೆಯಿತು. ಫೋನ್‌ನಲ್ಲಾಗಿದ್ದರೆ ಹತ್ತು ನಿಮಿಷದ ಜಗಳ.

ಗಡಿಯಾರದ ಬಗ್ಗೆಯೂ ಒಂದು ಹೋಲಿಕೆ ಮಾಡಿಬಿಡುತ್ತೇನೆ. ಫೋನ್‌ನಲ್ಲಿ ಎರಡು ಊರಿನ ಸಮಯ ತೋರಿಸುವ ಆ್ಯಪ್ ಹಾಕಿಕೊಂಡಿದ್ದೆ. ತೆರೆದು ನೋಡಿದರೆ ತಾನೆ ಅದು ಹೇಳುವುದು. ಆಮೇಲೆ ಅಡುಗೆಮನೆಯಲ್ಲಿ ಒಂದು ಅಗ್ಗದ ಗೋಡೆ ಗಡಿಯಾರ ತೂಗುಹಾಕಿ ಊರಿನ ಸಮಯ ಇಟ್ಟೆ. ಇದೇ ವಾಸಿ. ಕಣ್ಣೆತ್ತಿದರೆ ಸಾಕು, ಈಗ ಅಮ್ಮ ಮಲಗಿದರು, ಈಗ ಅಪ್ಪ ಎದ್ದರು ಅಂತ ತಿಳಿಯುತ್ತದೆ. ಇಲ್ಲಿ ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ ಮನೆಯ ಉಳಿದ ಗಡಿಯಾರಗಳನ್ನೆಲ್ಲ ತಿರುಗಿಸಬೇಕು. ಕೊಡಗಿನ ಗಡಿಯಾರವನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಊರಲ್ಲೂ ಅಂಥದ್ದೊಂದು ಇರಲಿ ಅಂತ ಕೆನಡಾ ಸಮಯ ಇಟ್ಟು ಕೊಟ್ಟು ಬಂದಿದ್ದೆ. ನವೆಂಬರ್‌ನಲ್ಲಿ ಅದನ್ನು ಬದಲಿಸುವವರು ಯಾರು? ಒಂದು ಬೆಳಗಿನ ಜಾವ ನಾಲ್ಕೂವರೆಗೆ ನನ್ನ ಫೋನ್ ಹೊಡೆದುಕೊಂಡಿತು. ಎದೆ ಧಸಕ್ಕೆಂದಿತು. ಅಮ್ಮ! "ಹೂಮಳೆ ಬಂತು ಮಗಾ, ಒಂದು ಇಂಚು!" ಅವರ ಲೆಕ್ಕದಲ್ಲಿ ನಾನು ಎದ್ದು ಹಲ್ಲುಜ್ಜುತ್ತಿರಬೇಕಿತ್ತಂತೆ. ಕಾಫಿ ಹೂ ಅರಳಿಸುವ ಮಳೆ ಅದು. ಆ ಖುಷಿಗೆ ಏನು ಬೈಯುವುದು? ಅವತ್ತಿನಿಂದ ಒಂದು ನಿಯಮ ಮಾಡಿದೆವು. ನಿಜವಾಗಿ ಅವಸರ ಇದ್ದರೆ ಒಂದರ ಹಿಂದೆ ಒಂದು ಎರಡು ಸಲ ಫೋನ್ ಮಾಡಬೇಕು. ಒಂದೇ ಸಲ ಬಂದರೆ ನಾನು ಎತ್ತುವುದಿಲ್ಲ.

ಹಬ್ಬಗಳಿಗೆ ಈ ನಾಲ್ಕು ದಾರಿಯೂ ಸಾಲುವುದಿಲ್ಲ, ಅವು ತಮ್ಮ ಹೊತ್ತಿಗೇ ಬರುತ್ತವೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯುವ ಗಳಿಗೆಯನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತು ಮಾಡುತ್ತಾರೆ. ಊರಲ್ಲಿ ರಾತ್ರಿ, ನನಗೆ ಬೆಳಿಗ್ಗೆ ಒಂಬತ್ತೂವರೆ, ಹತ್ತು. ಆಫೀಸಿನ ಮೀಟಿಂಗ್‌ನಲ್ಲಿ ಒಂದು ಕಿವಿಯಲ್ಲಿ "ಪೊಲಿ ಪೊಲಿ ದೇವಾ" ಕೇಳಿಸಿಕೊಂಡದ್ದಿದೆ. ಕದಿರು ತೆಗೆಯುವಾಗ ಹಾರಿಸುವ ಗುಂಡಿನ ಸದ್ದಿಗೆ ಬೆಚ್ಚಿ ನಾನು ಎದ್ದು ನಿಂತದ್ದೂ ಇದೆ.

ಕಾವೇರಿ ಸಂಕ್ರಮಣದ್ದು ಬೇರೆಯೇ ಆಟ. ತೀರ್ಥೋದ್ಭವದ ಗಳಿಗೆ, ಅಂದರೆ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥ ಉಕ್ಕುವ ಹೊತ್ತು, ವರ್ಷಕ್ಕೆ ಸುಮಾರು ಆರು ಗಂಟೆ ಮುಂದೆ ಹೋಗುತ್ತದೆ. ನಾಲ್ಕು ವರ್ಷಕ್ಕೆ ಒಂದು ಸುತ್ತು. 2022ರಲ್ಲಿ ತಲಕಾವೇರಿಯಲ್ಲಿ ಸಂಜೆ 7:21, ನನಗೆ ಬೆಳಿಗ್ಗೆ 9:51. 2023ರಲ್ಲಿ ಅಲ್ಲಿ ನಡುರಾತ್ರಿ ಕಳೆದು 1:27, ನನಗೆ ಮಧ್ಯಾಹ್ನ 3:57. ಆ ವರ್ಷ ಊರಲ್ಲಿ ಇದ್ದವರೇ ನಿದ್ದೆಗೆಟ್ಟರು, ನಾನು ಆರಾಮಾಗಿ ನೋಡಿದೆ. 2024ರಲ್ಲಿ ಊರಲ್ಲಿ ಅಕ್ಟೋಬರ್ 17ರ ಬೆಳಿಗ್ಗೆ 7:40, ಇಲ್ಲಿ ಇನ್ನೂ 16ರ ರಾತ್ರಿ 10:10. ಅಮ್ಮನಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು. "ಸಂಕ್ರಮಣದ ಹಿಂದಿನ ದಿನವೇ ತೀರ್ಥ ಬರುತ್ತಾ?" 2025ರಲ್ಲಿ ಅಲ್ಲಿ ಮಧ್ಯಾಹ್ನ 1:44, ನನಗೆ ಬೆಳಗಿನ ಜಾವ 4:14. ಅಲಾರಾಂ ಇಟ್ಟು ಎದ್ದೆ. ಕತ್ತಲ ಹಾಲ್‌ನಲ್ಲಿ ಕಂಬಳಿ ಹೊದ್ದು ಫೋನ್‌ನಲ್ಲಿ ಬಿಸಿಲು ತುಂಬಿದ ಕುಂಡಿಕೆ ನೋಡಿದೆ.

2026ರದ್ದನ್ನು ಪಂಚಾಂಗದವರು ಹೇಳಬೇಕು. ಆರು ಗಂಟೆ ಕೂಡಿಸಿದರೆ ಮತ್ತೆ ಊರಿನ ಸಂಜೆಗೆ, ನನ್ನ ಬೆಳಗಿಗೆ ಬರುತ್ತದೆ. ಅಕ್ಟೋಬರ್ 17 ಶನಿವಾರ, ರಜೆ. ಅಮ್ಮನಿಗೆ ಹೇಳಿದೆ. ಮಾರನೆಯ ದಿನ ರೈಲಿನಲ್ಲಿ ಅವರ ಉತ್ತರ ಕೇಳಿದೆ: "ಹಾಗಾದರೆ ಅವತ್ತು ಬೆಳಿಗ್ಗೆ ಎದ್ದು ಮಿಂದು ಕೂತಿರು. ಹಾಸಿಗೆಯಲ್ಲೇ ಫೋನ್ ಹಿಡಿದು ನೋಡಬೇಡ, ಹೇಳಿದ್ದೇನೆ."