ಮನೆಯಲ್ಲೇ ಸ್ಪ್ರಿಟ್ಜ್: ಅಪೆರೋಲ್, ಸೆಲೆಕ್ಟ್, ಕಂಪಾರಿ ಮೂರನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಮನೆಯಲ್ಲಿ ಸ್ಪ್ರಿಟ್ಜ್ (ಕಹಿ ಮದ್ಯ, ಗುಳ್ಳೆ ವೈನ್, ಸೋಡಾ ಬೆರೆಸಿದ ಇಟಲಿಯ ಪಾನೀಯ) ಮಾಡುವವರಿಗೆ ಫಜೀತಿ ಅಪೆರೋಲ್‌ನಂಥ ಕಹಿ ಮದ್ಯದ ಬಾಟಲಿಯಿಂದ ಬರುವುದಿಲ್ಲ, ಪ್ರೊಸೆಕ್ಕೋ ಅನ್ನುವ ಆ ಗುಳ್ಳೆ ವೈನಿನಿಂದ ಬರುತ್ತದೆ. ಯಾವ ಬ್ರ್ಯಾಂಡ್ ತರಲಿ ಅಂತ ಎಲ್ಲರೂ ಕೇಳುತ್ತಾರೆ. ತೆರೆದ ಪ್ರೊಸೆಕ್ಕೋ ಮಾರನೇ ದಿನ ಏನಾಗುತ್ತೆ ಅಂತ ಯಾರೂ ಕೇಳಲ್ಲ.

ನಾನಿರುವುದು ಇಟಲಿಯ ಪಾದೊವಾದಲ್ಲಿ. ಅಪೆರೋಲ್ ಈ ಊರಿನದೇ. 1919ರಲ್ಲಿ ಬಾರ್ಬಿಯೇರಿ ಅಣ್ಣತಮ್ಮಂದಿರು ಇಲ್ಲಿನ ಮೇಳದಲ್ಲಿ ಅದನ್ನು ಜನರ ಮುಂದಿಟ್ಟರು, 2003ರಿಂದ ಅದು ಕಂಪಾರಿ ಗ್ರೂಪ್ ಕೈಲಿದೆ. ಸಂಜೆಯಾದರೆ ಪಿಯಾತ್ಸಾ ದೆಲ್ಲೆ ಎರ್ಬೆ ಚೌಕದಲ್ಲಿ ವಿದ್ಯಾರ್ಥಿಗಳ ದಂಡು, ಕೈಯಲ್ಲೆಲ್ಲ ಕಿತ್ತಳೆ ಗ್ಲಾಸು. ಬಾರ್‌ನಲ್ಲಿ ಕುಡಿದರೆ ಇಲ್ಲಿ ಅಂಥ ದುಬಾರಿಯೇನೂ ಅಲ್ಲ. ಆದರೂ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಟ್ಟ ಮೇಲೆ ಮತ್ತೆ ಹೊರಗೆ ಹೋಗಲು ಸೋಮಾರಿತನ, ಹಾಗಾಗಿ ಬಾಟಲಿಗಳು ಮನೆಗೇ ಬಂದವು.

ಎಲ್ಲರಿಗೂ ಗೊತ್ತಿರುವ ಲೆಕ್ಕ ಮೂರು-ಎರಡು-ಒಂದು. 90 ಮಿಲಿ ಪ್ರೊಸೆಕ್ಕೋ, 60 ಮಿಲಿ ಅಪೆರೋಲ್, ಮೇಲೆ ಸ್ವಲ್ಪ ಸೋಡಾ. ಗ್ಲಾಸು ದೊಡ್ಡದಿರಲಿ, ಐಸ್ ಕಂಠಪೂರ್ತಿ ತುಂಬಿ. ಕಡಿಮೆ ಐಸ್ ಹಾಕಿದರೆ ಅದು ಬೇಗ ಕರಗಿ ಎಲ್ಲ ನೀರು ನೀರಾಗುತ್ತದೆ, ಜಾಸ್ತಿ ಹಾಕಿದರೇ ಒಳ್ಳೆಯದು. ಮೊದಲು ಪ್ರೊಸೆಕ್ಕೋ ಸುರಿಯಿರಿ, ಆಮೇಲೆ ಅಪೆರೋಲ್. ಅಪೆರೋಲ್‌ನಲ್ಲಿ ಸಕ್ಕರೆ ಇರುವುದರಿಂದ ಅದು ಭಾರ. ಮೇಲಿಂದ ಹಾಕಿದರೆ ಐಸಿನ ಸಂದಿಯಲ್ಲಿ ಎಳೆ ಎಳೆಯಾಗಿ ಇಳಿಯುತ್ತಾ ಅದೇ ಬೆರೆಯುತ್ತದೆ. ಕೆಳಗೆ ಹಾಕಿದರೆ ತಳದಲ್ಲೇ ಕೂರುತ್ತೆ, ಕಲಕಲೇಬೇಕು, ಕಲಕಿದಷ್ಟೂ ಗ್ಯಾಸ್ ಹೋಗುತ್ತೆ. ಚಮಚ ತಳಕ್ಕಿಳಿಸಿ ಒಂದು ಸಲ ಮೆಲ್ಲಗೆ ಮೇಲೆತ್ತಿದರೆ ಸಾಕು. ಇನ್ನೊಂದು ವಿಷಯ, ಫ್ರೀಜರ್‌ನಲ್ಲಿ ಹುರಿದ ಮಸಾಲೆ, ಈರುಳ್ಳಿ ಪೇಸ್ಟ್ ಇಡುವ ಮನೆಗಳಲ್ಲಿ (ಅಂದರೆ ನಮ್ಮೆಲ್ಲರ ಮನೆಗಳಲ್ಲಿ) ಐಸ್ ಟ್ರೇಗೆ ಮುಚ್ಚಳ ಬೇಕೇ ಬೇಕು. ವಾಸನೆ ನೇರ ಗ್ಲಾಸಿಗೆ ಬರುತ್ತದೆ.

ಅಪೆರೋಲ್ ಬಗ್ಗೆ ನನ್ನ ಅಭಿಪ್ರಾಯ: ಬಣ್ಣ ಚಂದ, ಮೊದಲ ಗ್ಲಾಸು ಚಂದ, ಎರಡನೆಯದಕ್ಕೆ ನನಗೆ ಸಿಹಿ ಜಾಸ್ತಿ. ನೆಂಟರಿಷ್ಟರು ಬಂದರೆ ಇದೇ ಸರಿ, ಯಾರೂ ಮುಖ ಕಿವುಚಲ್ಲ. ತಿಂಗಳುಗಟ್ಟಲೆ ತೆರೆದಿಟ್ಟರೂ ರುಚಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಸುರಿದ ಮೇಲೆ ಬಾಟಲಿಯ ಕುತ್ತಿಗೆ ಒರೆಸಿಡಿ ಅಷ್ಟೇ, ಇಂಥ ಸಿಹಿ ಬಾಟಲಿಗಳೆಲ್ಲದರ ಮುಚ್ಚಳವೂ ಅಂಟು ಹಿಡಿಯುತ್ತದೆ. ಅರ್ಧ ಬೆಲೆಗೆ ಸಿಗುವ ಒಂದು ನಕಲನ್ನೂ ತಂದು ನೋಡಿದ್ದೆ. ಹೆಸರು ಬೇಡ. ಕೆಮ್ಮಿನ ಸಿರಪ್‌ಗೆ ಸೋಡಾ ಹಾಕಿದ ಹಾಗಿತ್ತು.

ನಾನು ನಿಂತದ್ದು ಸೆಲೆಕ್ಟ್ ಮೇಲೆ. ಇದು ವೆನಿಸ್‌ನದು, 1920ರದು, ಕೆಂಪು ಬಣ್ಣ, ಕಹಿ ಸ್ವಲ್ಪ ಮುಂದೆ. ವೆನಿಸ್‌ನಲ್ಲಿ ಇದಕ್ಕೆ ಹಸಿರು ಆಲಿವ್ ಚುಚ್ಚಿ ಹಾಕುತ್ತಾರೆ. ಆ ಉಪ್ಪು ಕಹಿಗೆ ಎಷ್ಟು ಚೆನ್ನಾಗಿ ಹೊಂದುತ್ತೆ ಅಂದರೆ ಈಗ ಕಿತ್ತಳೆ ಹೋಳು ಹಾಕುವುದನ್ನೇ ಬಿಟ್ಟಿದ್ದೇನೆ. ಕಂಪಾರಿ ಇನ್ನೂ ಕಹಿ, ಹೇರಳೆಕಾಯಿ ಸಿಪ್ಪೆ ಕಚ್ಚಿದಂತೆ, ನನಗಂತೂ ಇಷ್ಟ, ಆದರೆ ಸ್ಪ್ರಿಟ್ಜ್‌ಗೆ ದಿನಾ ಬೇಡ. ಅದಕ್ಕೆ ಬೇರೆ ದಾರಿ ಇದೆ. ಕಂಪಾರಿ, ಸಿಹಿ ವರ್ಮುತ್ (ಗಿಡಮೂಲಿಕೆ ಹಾಕಿದ ವೈನ್), ಸ್ಪುಮಾಂತೆ (ಇಟಲಿಯ ಗುಳ್ಳೆ ವೈನ್) ಮೂರೂ ಸಮ ಹಾಕಿ, ಅದು ನೆಗ್ರೋನಿ ಸ್ಬಾಲ್ಯಾತೋ, 1972ರಲ್ಲಿ ಮಿಲಾನಿನ ಬಾರ್ ಬಾಸ್ಸೋದಲ್ಲಿ ನೆಗ್ರೋನಿ ಕಾಕ್‌ಟೇಲ್‌ಗೆ ಜಿನ್ ಬದಲು ಸ್ಪುಮಾಂತೆ ಬಿದ್ದು ಹುಟ್ಟಿದ್ದು ಅಂತ ಹೇಳುತ್ತಾರೆ. ವರ್ಮುತ್ ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಅದು ವೈನೇ, ಕಪಾಟಿನಲ್ಲಿಟ್ಟರೆ ಕೆಡುತ್ತದೆ.

ಬಾಟಲಿ ಮೇಲಿನ ಮದ್ಯದ ಶೇಕಡಾ ಅಂಕಿ ನೋಡಿಕೊಳ್ಳಿ. ಅಪೆರೋಲ್ 11%, ಪ್ರೊಸೆಕ್ಕೋನೂ ಹೆಚ್ಚು ಕಡಿಮೆ ಅಷ್ಟೇ, 30 ಮಿಲಿ ಸೋಡಾ ಸೇರಿದರೂ ಗ್ಲಾಸು ಸುಮಾರು 9% ಇರುತ್ತದೆ, ಐಸ್ ಕರಗುವವರೆಗೆ. ಸೆಲೆಕ್ಟ್ 17.5%, ಅದರಲ್ಲಿ ಮಾಡಿದ್ದು 11% ದಾಟುತ್ತದೆ. ಕಂಪಾರಿ ಇಲ್ಲಿ 25%, ಅದರಲ್ಲಿ ಮಾಡಿದ್ದು 14%ರ ಹತ್ತಿರ. ಜ್ಯೂಸ್ ತರ ಇಳಿಯುತ್ತೆ, ಆದರೆ ಸಾಮಾನ್ಯ ಬಿಯರ್ 5% ಅಷ್ಟೇ, ಅಲ್ವಾ? ಇಟಲಿಯಲ್ಲಿ ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗದವರು ಒಂದು ಹನಿ ಕುಡಿದೂ ಗಾಡಿ ಓಡಿಸುವ ಹಾಗಿಲ್ಲ. ಇಲ್ಲಿಗೆ ಬಂದು ಹೊಸ ಲೈಸೆನ್ಸ್ ಮಾಡಿಸಿದ ನಮ್ಮವರು ಇದನ್ನು ಮರೆಯುತ್ತಾರೆ.

ಈಗ ಪ್ರೊಸೆಕ್ಕೋ ಗೋಳು. 750 ಮಿಲಿ ಬಾಟಲಿಯಲ್ಲಿ ಎಂಟು ಗ್ಲಾಸು ಆಗುತ್ತದೆ. ಮನೆಯಲ್ಲಿ ಇಬ್ಬರಿದ್ದರೆ ಎಂಟು ಯಾರು ಕುಡಿಯುತ್ತಾರೆ? ಬಾಟಲಿ ಬಾಯಿಗೆ ಚಮಚ ಇಳಿಬಿಟ್ಟರೆ ಗ್ಯಾಸ್ ಉಳಿಯುತ್ತೆ ಅನ್ನುವುದು ಸುಮ್ನೆ ಮಾತು. ಎರಡೂ ಕಡೆ ಹಿಡಿದುಕೊಳ್ಳುವ ಲೋಹದ ಮುಚ್ಚಳ ಸಿಗುತ್ತದೆ, ಅದು ಹಾಕಿ ತಣ್ಣಗಿಟ್ಟರೆ ಮಾರನೇ ದಿನಕ್ಕೆ ನಡೆಯುತ್ತದೆ, ಮೂರನೇ ದಿನಕ್ಕೆ ಸಪ್ಪೆ. 200 ಮಿಲಿಯ ಪುಟ್ಟ ಬಾಟಲಿ ಸರಿಯಾಗಿ ಇಬ್ಬರಿಗೆ ಆಗುತ್ತೆ, ಆದರೆ ಲೆಕ್ಕ ಹಾಕಿದರೆ ಬೆಲೆ ಜಾಸ್ತಿ. ತರುವುದಾದರೆ ಬಾಟಲಿ ಮೇಲೆ ಬ್ರೂಟ್ ಅಂತಿರುವುದನ್ನು ತನ್ನಿ, ಲೀಟರಿಗೆ 12 ಗ್ರಾಂವರೆಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂತ ಬರೆದಿದ್ದರೆ 17ರವರೆಗೂ ಇರುತ್ತದೆ, ಅಪೆರೋಲ್ ಸಿಹಿಯ ಮೇಲೆ ಅದು ಬೇಡವೇ ಬೇಡ. ದುಬಾರಿ ಪ್ರೊಸೆಕ್ಕೋನೂ ಬೇಡ, ಈ ಕಹಿಯಲ್ಲಿ ಅದರ ರುಚಿ ಗೊತ್ತಾಗುವುದೇ ಇಲ್ಲ.

ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ಅಜ್ಜಿ. ಅವರು ಪ್ರೊಸೆಕ್ಕೋ ಹಾಕುವುದೇ ಇಲ್ಲ. ಸಾದಾ ಬಿಳಿ ವೈನ್, ಜೋರು ಗ್ಯಾಸಿನ ಸೋಡಾ, ಮೇಲೆ ಕಹಿ ಮದ್ಯ. ಪಾದೊವಾ, ವೆನಿಸ್ ಇರುವ ವೆನೆತೋ ಸೀಮೆಯ ಹಳೇ ಪದ್ಧತಿಯೇ ಅದು, ಆಸ್ಟ್ರಿಯಾದವರು ಇಲ್ಲಿ ಆಳುತ್ತಿದ್ದಾಗ ವೈನಿಗೆ ನೀರು ಬೆರೆಸಿ ಕುಡಿಯುತ್ತಿದ್ದರಂತೆ, ಕೆಂಪು, ಕಿತ್ತಳೆ ಬಣ್ಣದ ಕಹಿ ಮದ್ಯಗಳೆಲ್ಲ ಆಮೇಲೆ ಸೇರಿದ್ದು. ಸಾದಾ ವೈನ್ ಫ್ರಿಜ್‌ನಲ್ಲಿ ಕೆಲವು ದಿನ ಆರಾಮಾಗಿ ಇರುತ್ತದೆ, ಗುಳ್ಳೆ ಪೂರ್ತಿ ಸೋಡಾದಿಂದ, ಸೋಡಾ ಮಾತ್ರ ಆಗಷ್ಟೇ ತೆರೆದದ್ದಿರಬೇಕು. ನುರಿತವರಿಗೆ ವ್ಯತ್ಯಾಸ ಗೊತ್ತಾಗುತ್ತೆ, ಇಲ್ಲ ಅನ್ನಲ್ಲ. ವಾರದ ಮಧ್ಯೆ ಒಂದು ಗ್ಲಾಸಿಗೆ ಅಷ್ಟು ಸಾಕು. ಸಪ್ಪೆಯಾದ ಪ್ರೊಸೆಕ್ಕೋನೂ ಈಗ ಚೆಲ್ಲುವುದಿಲ್ಲ, ಅದನ್ನೇ ವೈನ್ ಅಂದುಕೊಂಡು ಸೋಡಾ ಜಾಸ್ತಿ ಹಾಕುತ್ತೇನೆ. ಜೊತೆಗೆ ಬಾರ್‌ನವರು ಚಿಪ್ಸ್ ಕೊಡುತ್ತಾರೆ, ನಮ್ಮನೆಯಲ್ಲಿ ಕೊಡುಬಳೆ. ಖಾರ, ಕಹಿ, ಗ್ಯಾಸು ಮೂರೂ ಸೇರಿದರೆ ಚಿಪ್ಸ್ ಯಾಕೆ ಬೇಕು.

ಕುಡಿಯದವರು ಬಂದರೆ ಕ್ರೋದಿನೋ. ಮದ್ಯ ಇಲ್ಲ, 10 ಸೆಂಟಿಲೀಟರಿನ ಪುಟ್ಟ ಬಾಟಲಿ, ಅದೇ ಐಸ್, ಅದೇ ಕಿತ್ತಳೆ ಹೋಳು. ಸಿಹಿ ಇದೆ, ಆದರೆ ಕಹಿಯೂ ಇದೆ, ಮಕ್ಕಳ ಜ್ಯೂಸ್ ಕೊಟ್ಟರು ಅಂತ ಯಾರಿಗೂ ಅನಿಸುವುದಿಲ್ಲ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಭಾರತಕ್ಕೆ ತಲೆಗೆ ಎರಡು ಲೀಟರ್ ಮಾತ್ರ ಸುಂಕವಿಲ್ಲದೆ ಒಯ್ಯಬಹುದು, ಅದರಲ್ಲಿ ಪ್ರೊಸೆಕ್ಕೋಗೆ ಜಾಗ ಕೊಡಬೇಡಿ. ಸೆಲೆಕ್ಟ್ ಒಯ್ಯಿರಿ. ಬೆಂಗಳೂರಲ್ಲಿ ಸುಲಾ ಬ್ರೂಟ್ ಅನ್ನುವ ಗುಳ್ಳೆ ವೈನ್ ಸಿಗುತ್ತದೆ, ಅದು ಕೈಗೆಟುಕದಿದ್ದರೆ ಯಾವುದಾದರೂ ಹುಳಿ ಮುಂದಿರುವ ಬಿಳಿ ವೈನ್ ತಂದು ಅಜ್ಜಿ ಪದ್ಧತಿ ಮಾಡಿ, ಸೋಡಾ ಅಂತೂ ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತೆ.