ಪೈಥಾನಿನ ‘ವಾರ್ಸ್’: ಆರು ವರ್ಷ ಬಳಸಿದ ಮೇಲೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಮೆಣಸಿನಕಾಯಿ ಲಾಟುಗಳ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟು ನಾನೇ ನೋಡಿಕೊಳ್ಳುತ್ತೇನೆ. ಇರುವುದು ಹಳೆಯ ಲ್ಯಾಪ್‌ಟಾಪ್. ದುಡ್ಡು ಕೊಟ್ಟು ಎಡಿಟರ್ ಕೊಳ್ಳುವಷ್ಟು ಆದಾಯ ಈ ಕೆಲಸದಲ್ಲಿಲ್ಲ. ಪ್ರೋಗ್ರಾಮ್ ಬರೆಯುವ ಭಾಷೆ ಪೈಥಾನ್. ಅದರ ಜೊತೆಗೇ ಬರುವ ಡಿರ್ (dir, ಒಂದು ವಸ್ತುವಿನಲ್ಲಿ ಸಿಗುವ ಹೆಸರುಗಳ ಪಟ್ಟಿ ಕೊಡುತ್ತದೆ), ವಾರ್ಸ್ (vars, ಆ ವಸ್ತು ತಾನೇ ಇಟ್ಟುಕೊಂಡ ಹೆಸರು, ವ್ಯಾಲ್ಯೂಗಳನ್ನು ತೋರಿಸುತ್ತದೆ) ಇವೇ ನನಗೆ ಆಸರೆ.

ಬೆಳಿಗ್ಗೆ ಚಹಾ ಕುಡಿಯುತ್ತ ಟರ್ಮಿನಲ್ ತೆರೆದು, ಹಿಂದಿನ ಟೆಂಡರಿನ ಯಾವುದಾದರೂ ಒಂದು ಲಾಟನ್ನು ವಾರ್ಸ್‌ಗೆ ಕೊಡುತ್ತೇನೆ. ರೈತನ ಹೆಸರು, ಚೀಲ, ತೂಕ, ದರ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಹಾಗೇ ಇಟ್ಟಿದ್ದೇನೆ. ಡಿರ್ ಹಾಕಿದರೆ ಮೊದಲು ಡಂಡರ್ ಹೆಸರುಗಳ (ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ, ಪೈಥಾನಿನವೇ ಆದ ಹೆಸರುಗಳು) ಉದ್ದನೆಯ ಸಾಲು, ಕೊನೆಗೆ ನನ್ನ ‘ತೂಕ’, ‘ದರ’. ಅದನ್ನು ನೋಡುವ ಖುಷಿ ಇನ್ನೂ ಕಡಿಮೆಯಾಗಿಲ್ಲ.

ಮೊದಲ ವರ್ಷ ಸಾವ್ಕಾರರು ಫೋನ್ ಮಾಡಿ, “ತಮ್ಮಾ, ಡಬ್ಬಿ ಲಾಟಿನ್ಯಾಗ ಕಡ್ಡಿ ತೂಕ ಹೆಂಗ ಬಂತು?” ಅಂದರು. ಡಬ್ಬಿ, ಕಡ್ಡಿ ಎರಡೂ ಮೆಣಸಿನಕಾಯಿಯ ಬೇರೆ ಬೇರೆ ತಳಿಗಳು. ಎಷ್ಟು ಸಲ ಕೋಡ್ ಓದಿದರೂ ತಪ್ಪು ಕಾಣಲಿಲ್ಲ. ಲಾಟಿಗೆ ವಾರ್ಸ್ ಹಾಕಿದೆ. ತೂಕದ ಪಟ್ಟಿ ಅದರಲ್ಲಿ ಇರಲೇ ಇಲ್ಲ! ಎಲ್ಲ ಲಾಟುಗಳಿಗೂ ಅಚ್ಚಾಗಿರುವ ಕ್ಲಾಸಿಗೇ ಹಾಕಿ ನೋಡಿದರೆ ಅಲ್ಲಿ ಕೂತಿತ್ತು, ಎಲ್ಲ ಲಾಟುಗಳ ತೂಕ ತುಂಬಿಕೊಂಡು. ಖಾಲಿ ಪಟ್ಟಿಯನ್ನು ಇನಿಟ್ (ಪ್ರತಿ ಹೊಸ ಲಾಟು ಹುಟ್ಟುವಾಗ ಓಡುವ ಕೋಡ್) ಒಳಗೆ ಇಡದೆ ಕ್ಲಾಸಿನಲ್ಲೇ ಬರೆದಿದ್ದೆ, ಎಲ್ಲದಕ್ಕೂ ಅದೊಂದೇ ಪಟ್ಟಿಯಾಗಿತ್ತು. ಡಿರ್ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ. ವಸ್ತುವಿನದು, ಕ್ಲಾಸಿನದು, ತಾಯಿ ಕ್ಲಾಸಿನದು ಎಂದು ಭೇದ ಮಾಡದೆ ಅದು ಎಲ್ಲ ಹೆಸರುಗಳನ್ನೂ ಒಂದೇ ಕಡೆ ಸುರಿಯುತ್ತದೆ.

ಆದರೆ ಇನ್‌ಸ್ಪೆಕ್ಟ್ ಮಾಡ್ಯೂಲಿನ ಗೆಟ್‌ಮೆಂಬರ್ಸ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇದೂ ಪೈಥಾನ್ ಜೊತೆಗೇ ಬರುವುದು, ವಸ್ತುವಿನ ಎಲ್ಲ ಹೆಸರುಗಳನ್ನೂ ವ್ಯಾಲ್ಯೂ ಸಮೇತ ಕೊಡುತ್ತದೆ. ‘ಬಾಕಿ’ಯನ್ನು ಪ್ರಾಪರ್ಟಿಯಾಗಿ, ಅಂದರೆ ಹೆಸರು ಕೇಳಿದಾಗ ಓಡುವ ಕೋಡ್ ಆಗಿ, ಬರೆದಿದ್ದೆ. ಕೇಳಿದಾಗಲೆಲ್ಲ ಡೇಟಾಬೇಸಿಗೆ ಹೋಗಿ ಲೆಕ್ಕ ಹಾಕಿ ಬರುತ್ತದೆ. ಗೆಟ್‌ಮೆಂಬರ್ಸ್ ಒಂದೊಂದು ಹೆಸರಿನ ವ್ಯಾಲ್ಯೂವನ್ನೂ ತರಿಸುತ್ತದೆ, ಹಾಗಾಗಿ ಬರೀ ನೋಡಲು ಹೋದರೂ ಆ ಕೋಡ್ ಓಡುತ್ತದೆ. ಆವಕ ಜೋರಿದ್ದ ದಿನ ಸಾವಿರಾರು ಲಾಟುಗಳ ಮೇಲೆ ಅದನ್ನು ಓಡಿಸಿದೆ. ಅರ್ಧ ಗಂಟೆ ಬಿಲ್ಲು ನಿಂತಿತು, ದೂರದಿಂದ ಬಂದ ರೈತರು ಲೆಕ್ಕದ ಪಟ್ಟಿಗಾಗಿ ಕಾಯಬೇಕಾಯಿತು. ಪ್ರಾಪರ್ಟಿಯನ್ನು ಓಡಿಸದೆ ಒಂದು ಹೆಸರನ್ನು ನೋಡುವ ಗೆಟ್‌ಆಟರ್ ಸ್ಟ್ಯಾಟಿಕ್ ಪೈಥಾನ್ 3.2ರಿಂದಲೂ ಇದೆ, ಎಲ್ಲ ಹೆಸರುಗಳನ್ನೂ ಹಾಗೇ ನೋಡುವ ಗೆಟ್‌ಮೆಂಬರ್ಸ್ ಸ್ಟ್ಯಾಟಿಕ್ ಮಾತ್ರ 3.11ರಲ್ಲಿ ಬಂತು. ಈಗ ಅದನ್ನೇ ಬಳಸುತ್ತೇನೆ.

ಕಳೆದ ವರ್ಷ ಮೆಮೊರಿ ಉಳಿಸೋಣವೆಂದು ಲಾಟಿನ ಕ್ಲಾಸಿಗೆ ಸ್ಲಾಟ್ಸ್ (ವಸ್ತುವಿನಲ್ಲಿ ಯಾವ ಹೆಸರುಗಳು ಇರಬೇಕೆಂದು ಮೊದಲೇ ಗೊತ್ತುಮಾಡುವ ಸಾಲು) ಹಾಕಿದೆ. ಮರುದಿನ ಬೆಳಿಗ್ಗೆ ವಾರ್ಸ್ ಕೇಳಿದರೆ ಟೈಪ್ ಎರರ್ ಬಂತು. ಸ್ಲಾಟ್ಸ್ ಇದ್ದರೆ ವಸ್ತುವಿಗೆ ಹೆಸರು, ವ್ಯಾಲ್ಯೂಗಳನ್ನು ಇಟ್ಟುಕೊಳ್ಳುವ ತನ್ನದೇ ಡಿಕ್ಟ್ ಇರುವುದಿಲ್ಲ, ವಾರ್ಸ್‌ಗೆ ತೋರಿಸಲು ಏನೂ ಸಿಗುವುದಿಲ್ಲ. ಎರಡು ದಿನ ತಡೆದು ನೋಡಿದೆ. ಮೂರನೆಯ ದಿನ ಸ್ಲಾಟ್ಸ್ ತೆಗೆದುಹಾಕಿದೆ.