ಮಾಳಿಗೆ ಪೈಪಿನ ಕಪ್ಪು ಫೋಮ್ ಕವಚ: ಎರಡು ಬೇಸಿಗೆ ಬಳಸಿದ ಮೇಲೆ

ನಮ್ಮ ಮನೆ ಕಲಬುರಗಿಯಲ್ಲಿ. ನೀರಿನ ಟಾಕಿ ತಗಡಿನ ನೆರಳಲ್ಲಿದೆ. ಆದರೆ ಅಲ್ಲಿಂದ ಬಚ್ಚಲಿಗೆ ಇಳಿಯುವ ಪೈಪು ಮೂವತ್ತು ಅಡಿ ಬಿಸಿಲಲ್ಲೇ ಇದೆ, ಕೆಳಗೆ ಕಾದ ಶಹಾಬಾದ್ ಕಲ್ಲು. 43 ಡಿಗ್ರಿ ಬಿಸಿಲಿನ ಮಧ್ಯಾಹ್ನ ನಳ ಬಿಟ್ಟರೆ ಮೊದಲ ಅರ್ಧ ಬಕೆಟ್ ನೀರಿಗೆ ಕೈ ಒಡ್ಡೋಕೆ ಆಗುತ್ತಿರಲಿಲ್ಲ. ಒಂದೂವರೆ ವರ್ಷದ ಮೊಮ್ಮಗಳ ಕಾಲು ತೊಳೆಯಲು ಹೋದಾಗ ಕೂಸು ಕಿರುಚಿಕೊಂಡಿತು. ಅವತ್ತೇ ತಮ್ಮನಿಗೆ ಫೋನ್ ಮಾಡಿದೆ.

ಅವನು ಸೈನ್ಯದಲ್ಲಿದ್ದಾನೆ, ಎರಡು ಚಳಿಗಾಲ ಲೇಹ್‌ನಲ್ಲಿ ಕಳೆದವನು. ಅಲ್ಲಿ ಪೈಪಿನೊಳಗೆ ನೀರೇ ಗಡ್ಡೆಕಟ್ಟುತ್ತದೆ. ಗಡ್ಡೆಯಾದ ನೀರು ನೂರಕ್ಕೆ 9 ಪಾಲಿನಷ್ಟು ಉಬ್ಬುತ್ತದೆ, ಪೈಪು ಸೀಳುತ್ತದೆ. ಎಷ್ಟೋ ಸಲ ಅದು ಗೊತ್ತಾಗುವುದು ಗಡ್ಡೆ ಕರಗಿ ನೀರು ಸುರಿದಾಗಲೇ. "ಗಡ್ಡಿ ಕರಗಸಾಕ ನಳ ತೆರೆದಿಟ್ಟು, ಅದರ ಕಡಿಂದನೇ ಬಿಸಿನೀರಿನ ಬಟ್ಟಿ ಸುತ್ತಕೋತ ಹೋಗ್ತೀವಿ ಅಕ್ಕಾ. ಬೆಂಕಿ ಮಾತ್ರ ಹಿಡಿಯಂಗಿಲ್ಲ" ಅಂದ. ಅಲ್ಲಿ ಪೈಪಿಗೆ ತೊಡಿಸುವ ಕಪ್ಪು ಕವಚವನ್ನೇ ನೀನೂ ಹಾಕು, ಬಿಸಿಲಿಗೂ ಅದೇ ನಡೆಯುತ್ತದೆ ಎಂದ.

ಅದು ನೈಟ್ರೈಲ್ ರಬ್ಬರಿನ ಫೋಮ್. ಒತ್ತಿದರೆ ಮೆತ್ತಗೆ, ಬಿಟ್ಟರೆ ಮತ್ತೆ ಉಬ್ಬುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗಲಿಲ್ಲ. ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಎಸಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಆರು ಅಡಿಯ ತುಂಡು, 13 ಮಿ.ಮೀ. ದಪ್ಪ, ಒಂದಕ್ಕೆ 90 ರೂಪಾಯಿ. ನಮ್ಮದು ಒಂದು ಇಂಚಿನ ಸಿಪಿವಿಸಿ (ಬಿಸಿನೀರಿಗೂ ತಾಳುವ ಪ್ಲಾಸ್ಟಿಕ್) ಪೈಪು. ಹಾಗಾಗಿ 25 ಮಿ.ಮೀ. ಒಳ ಅಳತೆಯ ಕವಚ ಕೇಳಿದೆ. ಅಂಗಡಿಯವರು ತಡೆದರು. "ಅಕ್ಕಾರ, ಹೊರಗಿನ ಅಳತಿ ತಂದೀರೇನ್ರಿ?" ಒಂದು ಇಂಚಿನ ಸಿಪಿವಿಸಿಯ ಹೊರವ್ಯಾಸ 28 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಅವರು ಕೊಟ್ಟ 28ರ ಕವಚ ಸರಿಯಾಗಿ ಕೂತಿತು. ಕೇಳದೆ ಕೊಟ್ಟು ಕಳಿಸಬಹುದಿತ್ತು, ಅಲ್ವಾ?

ಮೊದಲ ಬೇಸಿಗೆ ಸುಮ್ನೆ ತೊಡಿಸಿ ಬಿಟ್ಟೆ. ದೀಪಾವಳಿಗೆ ಮಾಳಿಗೆ ತೊಳೆಯಲು ಹತ್ತಿದರೆ ಮೇಲ್ಭಾಗ ಬೂದಿ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳಿಂದ ತಿಕ್ಕಿದರೆ ಕಪ್ಪು ಪುಡಿ ಬರುತ್ತಿತ್ತು. ನೇರ ಬಿಸಿಲು ಈ ರಬ್ಬರಿಗೆ ಆಗಿಬರುವುದಿಲ್ಲ. ಪೈಪು ತಿರುಗುವ ಮೂಲೆಯ ಎಲ್ಬೋಗಳನ್ನೂ ಬರಿದೇ ಬಿಟ್ಟಿದ್ದೆ, ಅಲ್ಲಿ ಕೈ ಇಟ್ಟರೆ ಸುಡುತ್ತಿತ್ತು. ಈ ವರ್ಷ ಎರಡು ತುಂಡು ಹೊಸದಾಗಿ ತಂದೆ. ಎಲ್ಬೋಗೆ ಓರೆಯಾಗಿ ಕತ್ತರಿಸಿ ಕೂಡಿಸಿದೆ. ಸಂದುಗಳಿಗೆ ಅಂಟು ಹಚ್ಚಿ, ಇಡೀ ಉದ್ದಕ್ಕೂ ಅಲ್ಯೂಮಿನಿಯಂ ಟೇಪು ಸುತ್ತಿದೆ. ಅರ್ಧ ದಿನದ ಕೆಲಸ.

ಈಗ ಹನ್ನೆರಡು ಗಂಟೆಗೆ ನಳ ಬಿಟ್ಟರೆ ನೀರು ಉಗುರುಬೆಚ್ಚಗೆ ಬರುತ್ತದೆ. ಬೆಳಿಗ್ಗೆಯಿಂದ ಯಾರೂ ನಳ ಮುಟ್ಟದೆ ಮೂರು ಗಂಟೆಯಾದರೆ ಮೊದಲ ಎರಡು ತಂಬಿಗೆ ಬಿಸಿಯೇ. ಕವಚ ಬಿಸಿಯನ್ನು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಲೇಹ್‌ನಲ್ಲೂ ಇಷ್ಟೇ ಅಂತೆ. ರಾತ್ರಿಯಿಡೀ ನಿಂತ ನೀರು ಕವಚದೊಳಗೂ ಗಡ್ಡೆಯಾಗುತ್ತದೆ, ಅದಕ್ಕೇ ನಳವನ್ನು ಸಣ್ಣಗೆ ಹರಿಯಲು ಬಿಡುತ್ತಾರೆ.

ನನಗಂತೂ ಕೊಟ್ಟ ದುಡ್ಡು ದಂಡ ಅನಿಸಿಲ್ಲ. ಟೇಪಿಗೂ ಸೇರಿಸಿಯೇ ದುಡ್ಡು ತೆಗೆದುಕೊಂಡು ಹೋಗಿ. ಕೂಸು ಈಗ ತಾನಾಗಿಯೇ ನಳದ ಕೆಳಗೆ ಕಾಲು ಚಾಚುತ್ತದೆ.